ಎಕ್ಸ್‌ಟೆನ್ಷನ್ 101ರಲ್ಲಿ ಯಾರಿದ್ದಾರೆ?

“ನಮ್ಮ ಸಾಹೇಬರಿಗೆ ಯಾವ ನಂಬರ್ ಕೊಡ್ತೀರಿ?”

ಸಣ್ಣ ಕಚೇರಿಗೆ ಫೋನ್ ವ್ಯವಸ್ಥೆ ಹಾಕಲು ಹೋದಾಗ ನನಗೆ ಎದುರಾಗುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಇದೇ. ಬಾಕ್ಸ್ ಎಲ್ಲಿ ಕೂರಿಸಬೇಕು, ತಂತಿ ಯಾವ ದಾರಿಯಲ್ಲಿ ಎಳೆಯಬೇಕು, ಕರೆಂಟ್ ಹೋದರೆ ಫೋನಿನ ಗತಿ ಏನು ಎಂಬುದನ್ನೆಲ್ಲ ಆಮೇಲೆ ಕೇಳುತ್ತಾರೆ, ಅಥವಾ ಕೇಳುವುದೇ ಇಲ್ಲ. ಸಾಹೇಬರಿಗೆ 101 ಬೇಕು. ಸಾಹೇಬರ ತಮ್ಮನೂ ಪಾಲುದಾರನಾಗಿದ್ದರೆ ಅವನಿಗೆ 102. ತಮ್ಮನಿಗೆ 105 ಕೊಟ್ಟು ನೋಡಿ, ಆ ವರ್ಷದ ದೀಪಾವಳಿ ಊಟ ಆ ಮನೆಯಲ್ಲಿ ಸಪ್ಪೆ!

ನಾನು ರಾಣೆಬೆನ್ನೂರಿನವನು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ 2006ರಲ್ಲಿ ಪುಣೆಗೆ ಬಂದೆ. ಮೊದಲ ಆರು ವರ್ಷ ಇನ್ನೊಬ್ಬರ ಕೈಕೆಳಗೆ, ಆಮೇಲೆ ಸ್ವಂತವಾಗಿ ಇದೇ ಕೆಲಸ. ಎಂಟರಿಂದ ನಲವತ್ತು ಫೋನ್‌ಗಳಿರುವ ಜಾಗಗಳಲ್ಲಿ ಎಕ್ಸ್‌ಟೆನ್ಷನ್ ಹಾಕುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು. “ಎಲ್ಲಾರ ಕೈಯಾಗೂ ಮೊಬೈಲ್ ಐತಿ, ನಿನ್ನ ಹೊಟ್ಟಿ ಹೆಂಗ ತುಂಬತೈತೋ?” ಎಂದು ಊರಿಗೆ ಹೋದಾಗಲೆಲ್ಲ ಸೋದರಮಾವ ಕೇಳುತ್ತಾರೆ. ತುಂಬುತ್ತದೆ. ಭೋಸರಿಯ ವರ್ಕ್‌ಶಾಪುಗಳು, ತಿಲಕ್ ರೋಡಿನ ಸಿಎ ಕಚೇರಿಗಳು, ಹತ್ತು ಹಾಸಿಗೆಯ ನರ್ಸಿಂಗ್ ಹೋಮ್‌ಗಳು, ಸ್ವಾರ್‌ಗೇಟ್ ಹತ್ತಿರದ ಲಾಡ್ಜ್‌ಗಳು ಇನ್ನೂ ಮೇಜಿನ ಫೋನನ್ನು ಬಿಟ್ಟಿಲ್ಲ. ಮೊಬೈಲ್ ಸಂಜೆ ಆರಕ್ಕೆ ಅದರ ಯಜಮಾನನ ಜೊತೆ ಮನೆಗೆ ಹೋಗುತ್ತದೆ. ಕೆಲಸ ಬಿಟ್ಟರೆ ಅವನ ಜೊತೆ ಅದೂ ಹೋಗುತ್ತದೆ. ಬಿಲ್ಲಿನ ಮೇಲೆ ಅಚ್ಚಾದ ನಂಬರ್ ಮಾತ್ರ ಕಚೇರಿಯಲ್ಲೇ ಉಳಿಯುತ್ತದೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಹೊರಗಿನಿಂದ ಕಚೇರಿಗೆ ಬರುವ ಲೈನ್ ಎರಡೋ ಮೂರೋ ಇರುತ್ತವೆ. ಇವನ್ನು ಟ್ರಂಕ್ ಎನ್ನುತ್ತೇವೆ. ಒಳಗಿನ ಫೋನ್ ಹದಿನಾರು ಇವೆ ಅಂದುಕೊಳ್ಳಿ. ಆ ಮೂರು ಲೈನನ್ನು ಹದಿನಾರು ಫೋನಿಗೆ ಹಂಚುವ, ಹದಿನಾರೂ ತಮ್ಮತಮ್ಮಲ್ಲೇ ಮಾತಾಡಲು ಅನುವು ಮಾಡುವ ಗೋಡೆ ಮೇಲಿನ ಡಬ್ಬಿಯೇ ಇಪಿಎಬಿಎಕ್ಸ್. ಕಚೇರಿಯವರ ಬಾಯಲ್ಲಿ ಅದು ಬರೀ ಇಂಟರ್‌ಕಾಮ್. ಒಳಗಿನ ಒಂದೊಂದು ಫೋನೂ ಒಂದೊಂದು ಎಕ್ಸ್‌ಟೆನ್ಷನ್. ಒಟ್ಟಿನಲ್ಲಿ ಇದೊಂದು ಮರಿ ಟೆಲಿಫೋನ್ ಎಕ್ಸ್‌ಚೇಂಜ್.

ಈ ಮರಿ ಎಕ್ಸ್‌ಚೇಂಜಿಗೂ ನಮ್ಮ ಕಡೆಗೂ ಒಂದು ನಂಟಿದೆ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಮೊದಮೊದಲು ಮಾಡಿದ ಯಂತ್ರಗಳಲ್ಲಿ ಕಚೇರಿಗಳಿಗೆಂದು 128 ಪೋರ್ಟಿನ ಒಂದು ಎಕ್ಸ್‌ಚೇಂಜ್ ಇತ್ತು. ಹಳ್ಳಿಗಳಿಗೆಂದು ಅದರದೇ ಒಡಹುಟ್ಟಿನಂಥ ಇನ್ನೊಂದಿತ್ತು. ಹಳ್ಳಿಯ ಆ ಎಕ್ಸ್‌ಚೇಂಜ್ ಮೊದಲು ಕೆಲಸಕ್ಕೆ ನಿಂತದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಧೂಳಿನಲ್ಲಿ, ಸೆಕೆಯಲ್ಲಿ, ಎಸಿ ಇಲ್ಲದ ಕೋಣೆಯಲ್ಲೂ ನಡೆಯಬೇಕು ಎಂದೇ ಮಾಡಿದ ಯಂತ್ರವದು. ಪುಣೆಯಲ್ಲಿ ಯಾರಾದರೂ “ಕರ್ನಾಟಕ ಅಂದ್ರೆ ಬರೀ ಬೆಂಗಳೂರು” ಎಂದು ರಾಗ ತೆಗೆದರೆ ನಾನು ಕಿತ್ತೂರಿನ ಈ ಕಥೆ ಹೇಳದೆ ಚಹಾ ಮುಗಿಸುವುದಿಲ್ಲ.

ಇನ್ನು ಕೆಲಸದ ಮಾತು. ಹೊಸ ಕಚೇರಿಗೆ ಹೋದ ಮೊದಲ ದಿನ ನಾನು ಹತ್ಯಾರದ ಚೀಲ ಬಿಚ್ಚುವುದಿಲ್ಲ. ರಿಸೆಪ್ಷನ್ ಪಕ್ಕ ಒಂದು ಕುರ್ಚಿ ಹಾಕಿಸಿಕೊಂಡು ಎರಡು ತಾಸು ಕೂರುತ್ತೇನೆ. ಯಾರಿಗೆ ಫೋನ್ ಬರುತ್ತದೆ, ಯಾರು ಎತ್ತುತ್ತಾರೆ, ಯಾರು ಎತ್ತಿದಂತೆ ಮಾಡಿ ಇನ್ನೊಬ್ಬರ ತಲೆಗೆ ಕಟ್ಟುತ್ತಾರೆ ಎಂಬುದು ಅಷ್ಟರಲ್ಲಿ ತಿಳಿದುಹೋಗುತ್ತದೆ. ಒಂದು ಸಿಎ ಕಚೇರಿಯಲ್ಲಿ ಮಧ್ಯಾಹ್ನ ಒಂದೂವರೆಗೆ ರಿಸೆಪ್ಷನ್‌ನ ತಾಯಿ ಡಬ್ಬಿ ಬಿಚ್ಚಲು ಒಳಗೆ ಹೋದರು. ಫೋನ್ ಹೊಡೆದುಕೊಳ್ಳತೊಡಗಿತು. ಆರು ಜನ ಆರ್ಟಿಕಲ್ ಹುಡುಗರು ಆರು ಕಂಪ್ಯೂಟರ್‌ಗಳಿಂದ ತಲೆ ಎತ್ತಿ ಒಬ್ಬರನ್ನೊಬ್ಬರು ನೋಡಿದರು, ಮತ್ತೆ ತಲೆ ತಗ್ಗಿಸಿದರು. ಜುಲೈ ತಿಂಗಳು, ರಿಟರ್ನ್ ತುಂಬುವ ಸಮಯ. ಆ ಅರ್ಧ ತಾಸಿನಲ್ಲಿ ಹೋದ ಕರೆ ಹನ್ನೊಂದು. ನಾನೇ ಎಣಿಸಿದ್ದೇನೆ.

ಇದಕ್ಕೆ ಮದ್ದು ಡಬ್ಬಿಯೊಳಗೇ ಇರುತ್ತದೆ. ರಿಸೆಪ್ಷನ್ ನಾಲ್ಕು ರಿಂಗಿಗೆ ಎತ್ತದಿದ್ದರೆ ಕರೆ ಮುಂದಿನ ಮೇಜಿಗೆ, ಅಲ್ಲೂ ಎತ್ತದಿದ್ದರೆ ಅದರ ಮುಂದಿನದಕ್ಕೆ ಹೋಗುವಂತೆ ಮಾಡಬಹುದು. ನಮ್ಮ ಭಾಷೆಯಲ್ಲಿ ಇದು ಹಂಟಿಂಗ್. ಪಕ್ಕದ ಮೇಜಿನಲ್ಲಿ ಹೊಡೆದುಕೊಳ್ಳುವ ಫೋನನ್ನು ಕುಳಿತಲ್ಲಿಂದಲೇ ಒಂದು ಕೋಡ್ ಒತ್ತಿ ಎತ್ತಿಕೊಳ್ಳುವುದು ಪಿಕಪ್. ಸೌಲಭ್ಯಗಳು ಪ್ರತಿ ಡಬ್ಬಿಯಲ್ಲೂ ಇವೆ. ಆದರೆ ಎರಡನೇ ಮೇಜು ಯಾರದು, ಮೂರನೆಯದು ಯಾರದು ಎಂದು ಡಬ್ಬಿಗೆ ಯಾರು ಹೇಳಬೇಕು? ಮಾಲೀಕರು ಹೇಳಬೇಕು. ಹೆಸರು ಹೇಳಿದರೆ ಆ ಹುಡುಗ ಮುನಿಸಿಕೊಳ್ಳುತ್ತಾನೆ ಎಂದು ಅವರು ಹೇಳುವುದಿಲ್ಲ. ಪ್ರೋಗ್ರಾಮಿಂಗ್ ಅರ್ಧ ತಾಸಿನ ಕೆಲಸ, ಈ ಒಂದು ತೀರ್ಮಾನಕ್ಕೆ ಎರಡು ವಾರ.

ಇನ್ನೊಂದು ಮಾತನ್ನು ನಾನು ಹಟ ಹಿಡಿದು ಒಪ್ಪಿಸುತ್ತೇನೆ: ನಂಬರನ್ನು ಮನುಷ್ಯನಿಗೆ ಕೊಡಬೇಡಿ, ಮೇಜಿಗೆ ಕೊಡಿ. ಪಿಂಪ್ರಿಯ ಒಂದು ಕಚೇರಿಯಲ್ಲಿ ಪಾಟೀಲ್ ಎಂಬವರು ಕೆಲಸ ಬಿಟ್ಟು ನಾಲ್ಕು ವರ್ಷವಾದರೂ ಅವರ ನಂಬರ್ ‘ಪಾಟೀಲ್ ಸಾಹೇಬರದ್ದೇ’ ಆಗಿತ್ತು. ಆ ಮೇಜಿಗೆ ಬಂದ ಹೊಸ ಹುಡುಗ ಬಿಹಾರದವನು. ಫೋನ್ ಎತ್ತಿ ಎತ್ತಿ ಬೇಸತ್ತು ಕೊನೆಗೆ ಅವನೂ “ಹಾಂ, ಪಾಟೀಲ್ ಬೋಲ್ ರಹಾ ಹ್ಞೂಂ” ಎನ್ನತೊಡಗಿದ್ದ. ‘ಸ್ಟೋರ್ಸ್’, ‘ಡಿಸ್ಪ್ಯಾಚ್’, ‘ಬಿಲ್ಲಿಂಗ್ 2’ ಎಂದು ಪಟ್ಟಿ ಮಾಡಿದರೆ ಈ ಪುನರ್ಜನ್ಮಗಳು ತಪ್ಪುತ್ತವೆ.

ತಂತಿಯ ವಿಷಯ ಬೇಗ ಮುಗಿಸುತ್ತೇನೆ. ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಬೇಕಾದಷ್ಟು ಜೋಡಿಯ ಕೇಬಲ್ ಸಿಗುತ್ತದೆ. ಒಂದೊಂದು ಫೋನಿಗೆ ಒಂದೊಂದು ಜೋಡಿ ತಂತಿ ಸಾಕು. ಬಣ್ಣಗಳಿಗೆ ಒಂದು ಕ್ರಮವಿದೆ: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಐದಕ್ಕೂ ಮೊದಲ ಸುತ್ತಿನಲ್ಲಿ ಜೊತೆಗಾರ ಬಿಳಿ, ಎರಡನೇ ಸುತ್ತಿನಲ್ಲಿ ಕೆಂಪು. ಈ ಕ್ರಮ ಬಾಯಿಪಾಠವಿದ್ದರೆ ಕತ್ತಲಲ್ಲಿ ಟಾರ್ಚ್ ಹಿಡಿದೂ ಹತ್ತನೇ ಜೋಡಿ ಹುಡುಕಬಹುದು. ತಂತಿಗಳೆಲ್ಲ ಕ್ರೋನ್ ಪಟ್ಟಿಯಲ್ಲಿ ಬಂದು ಕೂರುತ್ತವೆ. ಪಂಚಿಂಗ್ ಟೂಲ್‌ನಿಂದ ಒತ್ತಿದರೆ ‘ಟಕ್’ ಎಂಬ ಶಬ್ದ ಬರಬೇಕು. ಸ್ಕ್ರೂಡ್ರೈವರ್‌ನಿಂದ ತುರುಕಿದ ತಂತಿ ಮಳೆಗಾಲದಲ್ಲಿ ‘ಗುಂಯ್’ ಎನ್ನುತ್ತದೆ. ಜೊತೆಗೆ ಇಲಿ ಬೇರೆ! ಪುಣೆಯ ಹಳೇ ವಾಡೆಗಳಲ್ಲಿರುವ ಕಚೇರಿಗಳಲ್ಲಿ ನನಗೆ ಅರ್ಧ ದುಡಿಮೆ ಕೊಡುವುದು ಮಳೆ, ಇನ್ನರ್ಧ ಇಲಿ.

ಈಗ ಮೊದಲ ಪ್ರಶ್ನೆಗೆ ಬರೋಣ. ಸಾಹೇಬರ 101ಕ್ಕೆ.

ಕಚೇರಿಯಲ್ಲಿ ರಿಸೀವರ್ ಎತ್ತಿದಾಗ ನೀವು ಕೇಳುವ ಡಯಲ್ ಟೋನ್ ಟೆಲಿಫೋನ್ ಕಂಪನಿಯದಲ್ಲ, ಗೋಡೆ ಮೇಲಿನ ಡಬ್ಬಿಯದು. ನೀವು ಒತ್ತುವ ಮೊದಲ ಅಂಕಿಯನ್ನು ನೋಡಿಯೇ ಅದು ಕೆಲಸ ಶುರು ಮಾಡುತ್ತದೆ. 0 ಒತ್ತಿದರೆ ಹೊರಗಿನ ಲೈನ್ ಹಿಡಿದು ಕೊಡುತ್ತದೆ. 9 ಆದರೆ ಸಾಮಾನ್ಯವಾಗಿ ಆಪರೇಟರ್. 1 ಆದರೆ, ಒಳಗಿನ ನಂಬರ್‌ಗಳು 1ರಿಂದ ಶುರುವಾಗುತ್ತವೆ ಎಂದು ಅದಕ್ಕೆ ಹೇಳಿದ್ದರೆ, ಇನ್ನೆರಡು ಅಂಕಿಗೆ ಕಾಯುತ್ತದೆ. 1, 0, 1 ಬಂತು. ಸರಿ, ಸಾಹೇಬರ ಮೇಜು. ಎಷ್ಟೋ ಸಣ್ಣ ಡಬ್ಬಿಗಳು ಕಾರ್ಖಾನೆಯಿಂದ ಬರುವಾಗಲೇ 101ರಿಂದ ಶುರುವಾಗುವ ನಂಬರ್ ಹೊತ್ತು ಬರುತ್ತವೆ. ಅವಸರದಲ್ಲಿರುವ ಹುಡುಗರು ಅದನ್ನು ಹಾಗೇ ಬಿಟ್ಟು, ಫೋನ್ ಜೋಡಿಸಿ, ದುಡ್ಡು ತಗೊಂಡು ಹೋಗುತ್ತಾರೆ.

ಈಗ ಒಮ್ಮೆ ಯೋಚಿಸಿ. ನಮ್ಮ ದೇಶದಲ್ಲಿ 101 ಯಾರ ನಂಬರ್? ಅಗ್ನಿಶಾಮಕ ದಳದ್ದು. 100 ಪೊಲೀಸ್. 108 ಆಂಬುಲೆನ್ಸ್. ಈಗ ಎಲ್ಲಕ್ಕೂ ಸೇರಿ 112. ಎಲ್ಲವೂ 1ರಿಂದಲೇ ಶುರು, ಮಾಲೀಕರು ಆಸೆಪಡುವ ನಂಬರ್‌ಗಳೂ 1ರಿಂದಲೇ ಶುರು. ಮೊದಲು 0 ಒತ್ತಿ ಹೊರಗಿನ ಲೈನ್ ಹಿಡಿದು, ಆಮೇಲೆ 101 ಒತ್ತಬೇಕು ಎಂಬುದು ಡಬ್ಬಿ ಹಾಕಿದವನಿಗೆ ಗೊತ್ತು, ರಿಸೆಪ್ಷನ್‌ಗೆ ಗೊತ್ತು. ಉಳಿದವರಿಗೆ?

ಕೆಲವು ವರ್ಷಗಳ ಹಿಂದೆ ಭೋಸರಿ ಎಂಐಡಿಸಿಯ ಒಂದು ವರ್ಕ್‌ಶಾಪಿನಿಂದ ಕರೆ ಬಂತು. ಫೋನ್ ವ್ಯವಸ್ಥೆ ಬೇರೆ ಯಾರೋ ಹಾಕಿದ್ದು. ಎರಡು ದಿನದ ಹಿಂದೆ ರಾತ್ರಿ ಶೆಡ್ಡಿನ ಎಲೆಕ್ಟ್ರಿಕ್ ಪ್ಯಾನೆಲ್‌ಗೆ ಬೆಂಕಿ ಹತ್ತಿ ಒಂದಷ್ಟು ಫೋನ್ ಕೇಬಲ್ ಸುಟ್ಟಿದೆ, ಬಂದು ಎಳೆದು ಕೊಡಿ ಎಂದರು. ಹೋದೆ. ಗೋಡೆ ಕಪ್ಪಾಗಿತ್ತು, ಎರಡು ಮಷಿನ್‌ಗಳ ವೈರಿಂಗ್ ಕರಗಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಮಾಲೀಕರು ಮಾತ್ರ ಕುದಿಯುತ್ತಿದ್ದರು. ರಾತ್ರಿ ವಾಚ್‌ಮನ್ ನಿದ್ದೆ ಮಾಡುತ್ತಿದ್ದ, ಅಗ್ನಿಶಾಮಕದವರಿಗೆ ಒಂದು ಫೋನ್ ಕೂಡ ಮಾಡಲಿಲ್ಲ ಎಂಬುದು ಅವರ ಸಿಟ್ಟು. ಆ ತಿಂಗಳ ಸಂಬಳ ತಡೆದಿದ್ದರು. ಹೊಸ ವಾಚ್‌ಮನ್ ಸಿಕ್ಕ ದಿನ ಇವನನ್ನು ಕಳಿಸುವುದಾಗಿ ಹೇಳಿದರು.

ಗೇಟಿನ ಕ್ಯಾಬಿನ್ನಿಗೂ ಒಂದು ಫೋನಿತ್ತು. ಅದನ್ನು ಪರೀಕ್ಷಿಸಲು ಹೋದೆ. ಅರವತ್ತರ ಆಸುಪಾಸಿನ ಆ ವಾಚ್‌ಮನ್ ಮೊಬೈಲಿನಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದರು. ಕಿವಿಗೆ ಬಿದ್ದದ್ದು ಕನ್ನಡ, ಅದೂ ಕಲಬುರಗಿ ಕಡೆಯದು.

“ಯಾವೂರ್ರಿ ಕಾಕಾ?” ಎಂದೆ.

ಅವರು ನನ್ನ ಮುಖ, ಚೀಲ ಎರಡನ್ನೂ ನೋಡಿದರು. “ಅಫಜಲಪುರ ಕಡಿ. ನೀ ಕನ್ನಡದಂವ ಏನು ತಮ್ಮಾ?” ಅಲ್ಲಿಂದ ಐದು ನಿಮಿಷ ಊರು, ಮಳೆ, ತೊಗರಿ ಬೆಲೆ. ಆಮೇಲೆ ತಾವಾಗಿಯೇ ಆ ರಾತ್ರಿಯ ಮಾತು ತೆಗೆದರು.

“ಮಾಲಕರು ನಾ ಫೋನ್ ಹಚ್ಚಿಲ್ಲ ಅಂತಾರ. ಹಚ್ಚೀನಿ ತಮ್ಮಾ. ನಾಕ್ ಸಲ ಹಚ್ಚೀನಿ. ಈ ಕಾಗದಾ ನೋಡಿ, ಇದೇ ನಂಬರಿಗಿ ಹಚ್ಚೀನಿ. ರಿಂಗ್ ಆಗ್ಲಕತ್ತಿತ್ತು. ಒಬ್ಬರೂ ಎತ್ತಲಿಲ್ಲ. ಬಂಬಿನವರು ಮಲ್ಕೊಂಡಾರೇನೋ ಅಂತ ಮಾಡ್ದೆ.”

ಪುಣೆಯಲ್ಲಿ ಅಗ್ನಿಶಾಮಕ ವಾಹನಕ್ಕೆ ಬಂಬ್ ಎನ್ನುತ್ತಾರೆ. ಫೋನಿನ ಮೇಲಿನ ಗೋಡೆಗೆ ಯಾರೋ ಮರಾಠಿಯಲ್ಲಿ ಅಚ್ಚು ಹಾಕಿಸಿ ಅಂಟಿಸಿದ್ದ ಕಾಗದವಿತ್ತು. ಪೊಲೀಸ್ 100, ಅಗ್ನಿಶಮನ 101, ರುಗ್ಣವಾಹಿಕಾ 108. ಪ್ಲಾಸ್ಟಿಕ್ ಹಾಳೆ ಬೇರೆ ಹೊದಿಸಿದ್ದರು.

“ನಿಮ್ಮ ಮೊಬೈಲ್?” ಎಂದೆ. ಅದನ್ನು ಶೆಡ್ಡಿನೊಳಗೆ ಚಾರ್ಜಿಗೆ ಇಟ್ಟಿದ್ದರಂತೆ, ಕ್ಯಾಬಿನ್ನಿನಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಹೊಗೆ ಬರುತ್ತಿದ್ದದ್ದು ಅದೇ ಶೆಡ್ಡಿನಿಂದ. ನಾಲ್ಕನೇ ಸಲವೂ ಯಾರೂ ಎತ್ತದಿದ್ದಾಗ ಓಡಿಹೋಗಿ ಪಕ್ಕದ ಕಾರ್ಖಾನೆಯ ವಾಚ್‌ಮನ್‌ನನ್ನು ಎಬ್ಬಿಸಿ, ಮೇನ್ ಇಳಿಸಿ, ಇಬ್ಬರೂ ಬಕೆಟ್ಟಿನಲ್ಲಿ ಮರಳು ಹೊತ್ತು ಸುರಿದಿದ್ದರು. ಅವರ ಬಲ ಮುಂಗೈ ಮೇಲೆ ಬೊಬ್ಬೆ ಇನ್ನೂ ಹಸಿಯಾಗಿತ್ತು.

ನಾನು ಮಾಲೀಕರನ್ನು ಕ್ಯಾಬಿನ್ನಿಗೆ ಕರೆದೆ. ಏನೂ ವಿವರಿಸಲಿಲ್ಲ. ರಿಸೀವರ್ ಎತ್ತಿ ಅವರ ಎದುರೇ ಕಾಗದದಲ್ಲಿದ್ದ ಹಾಗೆ 101 ಒತ್ತಿ ಕೆಳಗೆ ಇಟ್ಟುಬಿಟ್ಟೆ. ಅಂಗಳದ ಆಚೆ, ಮೊದಲ ಮಹಡಿಯಲ್ಲಿ, ಅಕೌಂಟ್ಸ್ ಕೋಣೆಯ ಕಿಟಕಿಯಿಂದ ಫೋನ್ ಹೊಡೆದುಕೊಳ್ಳುವುದು ಕೇಳಿಸಿತು. ಮೇಲಿನಿಂದ ಅಕೌಂಟ್ಸ್‌ನ ಹುಡುಗಿ ಎತ್ತಿ “ಹಲೋ, ಅಕೌಂಟ್ಸ್” ಎಂದದ್ದು ಮೇಜಿನ ಮೇಲೆ ಇಟ್ಟ ರಿಸೀವರ್‌ನಿಂದ ಮೂವರಿಗೂ ಕೇಳಿಸಿತು. ರಾತ್ರಿ ಆ ಕೋಣೆಗೆ ಬೀಗ ಇರುತ್ತದೆ.

ಮಾಲೀಕರು ಸ್ವಲ್ಪ ಹೊತ್ತು ಕಾಗದವನ್ನೇ ನೋಡುತ್ತ ನಿಂತರು. ಕಾಕಾ ಮುಂದೆ ಕ್ಷಮೆ ಕೇಳಲಿಲ್ಲ, ನಾನೂ ಅದನ್ನು ನಿರೀಕ್ಷಿಸಿರಲಿಲ್ಲ. ತಿಂಗಳ ಕೊನೆಗೆ ಸಂಬಳ ಕೊಟ್ಟರು, ಕೆಲಸವೂ ಉಳಿಯಿತು. ನನಗೆ ಕಾಡಿದ್ದು ಬೇರೆ. ಕಾಕಾ ತಮ್ಮ ಹರುಕು ಹಿಂದಿಯಲ್ಲಿ ಆ ಎರಡು ದಿನ ಎಲ್ಲರಿಗೂ ಇದನ್ನೇ ಹೇಳಿದ್ದರು, ‘ರಿಂಗ್ ಗಯಾ, ಉಠಾಯಾ ನಹೀ’ ಎಂದು. ಯಾರೂ ಯಾರಿಗೆ ರಿಂಗ್ ಹೋಯಿತು ಎಂದು ಕೇಳಿರಲಿಲ್ಲ.

ಆ ಸಂಜೆಯೇ ಕೂತು ನಂಬರ್‌ಗಳನ್ನು ಬದಲಿಸಿದೆ. ವಿಸಿಟಿಂಗ್ ಕಾರ್ಡ್‌ಗಳೆಲ್ಲ ಅಚ್ಚಾಗಿವೆ ಎಂದು ಕಚೇರಿಯವರ ತಕರಾರು. ಅದಕ್ಕೆ ಹಿಂದಿನ ಎರಡು ಅಂಕಿ ಹಾಗೇ ಇಟ್ಟು ಮುಂದಿನದನ್ನಷ್ಟೇ ಬದಲಿಸಿದೆ. 104 ಹೋಗಿ 204, 112 ಹೋಗಿ 212. ಹೌದು, ಅಲ್ಲಿ 112 ಕೂಡ ಒಂದು ಎಕ್ಸ್‌ಟೆನ್ಷನ್ ಆಗಿತ್ತು, ಪ್ಯಾಕಿಂಗ್ ವಿಭಾಗದ್ದು. ಹೀಗೆ 1 ಎಂಬ ಅಂಕಿ ಪೂರ್ತಿ ಖಾಲಿಯಾಯಿತು. ಆಮೇಲೆ 100, 101, 108, 112 ಒತ್ತಿದರೆ 0 ಇಲ್ಲದೆಯೇ ಡಬ್ಬಿ ತಾನೇ ಹೊರಗಿನ ಲೈನ್ ಹಿಡಿದು ಕಳಿಸುವಂತೆ ಮಾಡಿದೆ. ಬಹಳಷ್ಟು ಡಬ್ಬಿಗಳಲ್ಲಿ ಇದಕ್ಕೆಂದೇ ತುರ್ತು ನಂಬರ್‌ಗಳ ಒಂದು ಪಟ್ಟಿ ಇರುತ್ತದೆ. ತುಂಬುವ ಕಷ್ಟ ತಗೊಳ್ಳಬೇಕು ಅಷ್ಟೆ.

ಅಷ್ಟಕ್ಕೆ ಮುಗಿಯಲಿಲ್ಲ. ಪರೀಕ್ಷಿಸಿದರೆ ಕ್ಯಾಬಿನ್ನಿನ ಫೋನಿನಿಂದ 0 ಒತ್ತಿದರೂ ಹೊರಗಿನ ಲೈನ್ ಸಿಗುತ್ತಿರಲಿಲ್ಲ! ಅದಕ್ಕೆ ಬೀಗ ಹಾಕಿದ್ದರು. ಅಂದರೆ ಆ ರಾತ್ರಿ ಕಾಕಾಗೆ 0 ಒತ್ತಬೇಕೆಂದು ಗೊತ್ತಿದ್ದರೂ ಪ್ರಯೋಜನವಿರಲಿಲ್ಲ. ಈ ಬೀಗಕ್ಕೂ ಒಂದು ಇತಿಹಾಸವಿದೆ. ಎಸ್‌ಟಿಡಿ ದುಬಾರಿಯಾಗಿದ್ದ ಕಾಲದಲ್ಲಿ ವಾಚ್‌ಮನ್‌ಗಳು ರಾತ್ರಿ ಊರಿಗೆ ಫೋನ್ ಹಚ್ಚುತ್ತಾರೆ ಎಂಬ ಹೆದರಿಕೆ ಮಾಲೀಕರಿಗೆ. ಹಚ್ಚುತ್ತಿದ್ದರು, ಸುಳ್ಳಲ್ಲ. ಆಗ ಹಾಕಿದ ಬೀಗ ಈಗಲೂ ಅಭ್ಯಾಸಬಲದಿಂದ ಹೊಸ ಡಬ್ಬಿಗಳಿಗೂ ಬೀಳುತ್ತದೆ. ಇವತ್ತು ಊರಿಗೆ ಮಾತಾಡಲು ಯಾವ ವಾಚ್‌ಮನ್‌ಗೆ ಕಚೇರಿಯ ಫೋನ್ ಬೇಕು? ಬೀಗ ಬೇಕೇ ಬೇಕು ಎಂದರೆ ಹಾಕಿ, ಆದರೆ ತುರ್ತು ನಂಬರ್‌ಗಳನ್ನು ಅದರಿಂದ ಹೊರಗಿಡಿ. ಅದಕ್ಕೂ ವ್ಯವಸ್ಥೆ ಇದೆ. ಕ್ಯಾಬಿನ್ನಿಗೆ 220 ಎಂಬ ನಂಬರ್ ಕೊಟ್ಟೆ, ಒಂದು ಪ್ಲಗ್ ಪಾಯಿಂಟನ್ನೂ ಹಾಕಿಸಿದೆ. ಅದು ನನ್ನ ಕೆಲಸವಲ್ಲ, ಆದರೂ ಮಾಲೀಕರ ಎಲೆಕ್ಟ್ರಿಷಿಯನ್ ಅಲ್ಲೇ ಇದ್ದ.

ಇದು ನಮ್ಮ ದೇಶದ ಅಜಾಗರೂಕತೆ ಮಾತ್ರ ಎಂದುಕೊಳ್ಳಬೇಡಿ. 2013ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಸ್‌ನ ಒಂದು ಮೋಟೆಲ್ ಕೋಣೆಯಲ್ಲಿ ತಾಯಿಯ ಮೇಲೆ ಹಲ್ಲೆ ನಡೆಯುತ್ತಿದ್ದಾಗ ಒಂಬತ್ತು ವರ್ಷದ ಮಗಳು ಕೋಣೆಯ ಫೋನಿನಿಂದ ಮತ್ತೆ ಮತ್ತೆ 911 ಒತ್ತಿದಳು. ಹೊರಗಿನ ಲೈನಿಗೆ ಮೊದಲು ಇನ್ನೊಂದು 9 ಒತ್ತಬೇಕೆಂದು ಮಗುವಿಗೆ ಏನು ಗೊತ್ತು? ಕರೆ ಹೋಗಲಿಲ್ಲ, ತಾಯಿ ಉಳಿಯಲಿಲ್ಲ. ಆ ತಾಯಿಯ ಹೆಸರಿನಲ್ಲಿ ‘ಕ್ಯಾರೀಸ್ ಲಾ’ ಎಂಬ ಕಾನೂನು 2018ರಲ್ಲಿ ಬಂತು. 2020ರ ಫೆಬ್ರವರಿಯ ನಂತರ ಅಲ್ಲಿ ಹೊಸದಾಗಿ ಹಾಕುವ ಇಂಥ ವ್ಯವಸ್ಥೆಗಳಲ್ಲಿ ಮುಂದೆ ಯಾವ ಅಂಕಿಯೂ ಇಲ್ಲದೆ ನೇರವಾಗಿ 911 ಹೋಗಲೇಬೇಕು.

ಮೋಟೆಲ್ ಎಂದಾಗ ನಮ್ಮ ಲಾಡ್ಜ್‌ಗಳ ನೆನಪಾಗುತ್ತದೆ. ಪುಣೆಯಲ್ಲಿ ಹೋಟೆಲ್, ಲಾಡ್ಜ್ ನಡೆಸುವವರಲ್ಲಿ ನಮ್ಮ ಕರಾವಳಿಯವರು ಎಷ್ಟು ಜನ ಎಂಬುದು ಇಲ್ಲಿರುವ ಓದುಗರಿಗೆ ಹೇಳಬೇಕಿಲ್ಲ. ಲಾಡ್ಜ್‌ನಲ್ಲಿ ರೂಮ್ ನಂಬರೇ ಎಕ್ಸ್‌ಟೆನ್ಷನ್ ನಂಬರ್. ಮೊದಲ ಮಹಡಿ ಎಂದರೆ 101ರಿಂದ 112. ಸರಿಯಾಗಿ ಪೊಲೀಸರನ್ನೊಬ್ಬರನ್ನು ಬಿಟ್ಟು ಉಳಿದ ಎಲ್ಲ ತುರ್ತು ಸೇವೆಗಳೂ ಒಂದೇ ಮಹಡಿಯಲ್ಲಿ! ನಾನು ಕೆಲಸ ಮಾಡಿದ ಒಂದು ಲಾಡ್ಜ್‌ನ ಮಾಲೀಕ ಶೆಟ್ಟರಿಗೆ ಇದನ್ನು ಹೇಳಿ, ರೂಮ್ ನಂಬರ್ ಬದಲಿಸೋಣವೇ ಎಂದು ಕೇಳಿದೆ. “ಎಂತ ಹೇಳ್ತೀರಿ ಮಾರಾಯ್ರೆ, ಬೀಗದ ಕೈ, ಬಾಗಿಲ ಹಲಗೆ, ಬಿಲ್ ಬುಕ್ ಎಲ್ಲದರಲ್ಲಿ 101 ಅಂತಲೇ ಉಂಟು” ಎಂದರು. ಅವರ ಮಾತೂ ಸರಿಯೇ. ಆ ಡಬ್ಬಿ ನಾಲ್ಕು ಅಂಕಿಯ ನಂಬರ್‌ಗೂ ಒಪ್ಪುತ್ತಿತ್ತು. ರೂಮ್ ನಂಬರ್‌ಗೆ ಮೊದಲು ಒಂದು 7 ಸೇರಿಸಿದೆವು. ಬಾಗಿಲ ಮೇಲೆ 101, ಫೋನಿನಲ್ಲಿ 7101. ವಾರದಲ್ಲಿ ರೂಮ್ ಬಾಯ್‌ಗಳಿಗೂ ರೂಢಿಯಾಯಿತು.

ಕರೆಂಟಿನ ಮಾತು ಹೇಳದಿದ್ದರೆ ಈ ಲೇಖನ ಅರ್ಧ. ಹಳೆಯ ತರಹದ ಎಷ್ಟೋ ಡಬ್ಬಿಗಳಲ್ಲಿ ಒಂದು ಒಳ್ಳೆಯ ಗುಣವಿದೆ: ಕರೆಂಟ್ ಪೂರ್ತಿ ಹೋದರೆ ಹೊರಗಿನ ಒಂದು ಲೈನ್ ತಾನಾಗಿ ಒಂದು ನಿರ್ದಿಷ್ಟ ಎಕ್ಸ್‌ಟೆನ್ಷನ್‌ಗೆ ನೇರವಾಗಿ ಕೂಡಿಕೊಳ್ಳುತ್ತದೆ. ಅದು ಯಾವುದು ಎಂಬುದು ಡಬ್ಬಿಯ ಪುಸ್ತಕದಲ್ಲಿರುತ್ತದೆ. ಆ ಜಾಗಕ್ಕೆ ಮಾಲೀಕರ ಕೋಣೆಯ ಫೋನ್ ಹಾಕುವುದು ರೂಢಿ, ಮಾಲೀಕರೇ ಅಲ್ಲವೇ ದುಡ್ಡು ಕೊಡುವವರು! ರಾತ್ರಿ ಬೀಗ ಬೀಳದ ಜಾಗದ ಫೋನನ್ನು ಅಲ್ಲಿಗೆ ಹಾಕಿ ಎಂಬುದು ನನ್ನ ಸಲಹೆ. ಲಾಡ್ಜ್‌ನಲ್ಲಿ ಕೌಂಟರ್, ನರ್ಸಿಂಗ್ ಹೋಮ್‌ನಲ್ಲಿ ಸಿಸ್ಟರ್ ಮೇಜು, ಕಾರ್ಖಾನೆಯಲ್ಲಿ ಗೇಟು. ಆದರೆ ಆ ಫೋನ್ ಕರೆಂಟ್ ಬೇಡದ ಸಾದಾ ಫೋನ್ ಆಗಿರಬೇಕು.

ಈಗ ಡಬ್ಬಿಗಳೂ ಬದಲಾಗುತ್ತಿವೆ. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ಅಮೆರಿಕದ ಯುವಕ ತನ್ನ ಸಣ್ಣ ಕಂಪನಿಗೆ ಫೋನ್ ವ್ಯವಸ್ಥೆ ಕೊಳ್ಳಲು ದುಡ್ಡು ಸಾಲದೆ, ಅದನ್ನು ಕಂಪ್ಯೂಟರಿನಲ್ಲೇ ಬರೆದುಕೊಂಡ. ‘ಆಸ್ಟರಿಸ್ಕ್’ ಎಂಬ ಆ ಸಾಫ್ಟ್‌ವೇರನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಹಳೆಯ ಒಂದು ಕಂಪ್ಯೂಟರ್ ಇದ್ದರೂ ಸಣ್ಣ ಕಚೇರಿಯ ಕೆಲಸ ನಡೆಯುತ್ತದೆ. ಇಲ್ಲಿ ಎಕ್ಸ್‌ಟೆನ್ಷನ್ ಎಂದರೆ ಒಂದು ಜೋಡಿ ತಂತಿಯಲ್ಲ; ಒಂದು ಹೆಸರು, ಒಂದು ಪಾಸ್‌ವರ್ಡ್. ನೆಟ್‌ವರ್ಕ್ ಇದ್ದ ಕಡೆ ಫೋನ್ ಇಟ್ಟರೆ ಅದು ಕಚೇರಿಯ ಮೇಜಾಗುತ್ತದೆ. ಎಕ್ಸ್‌ಟೆನ್ಷನ್ 205ಕ್ಕೆ ಪಾಸ್‌ವರ್ಡನ್ನೂ 205 ಎಂದೇ ಇಟ್ಟು, ಯಂತ್ರವನ್ನು ಇಂಟರ್‌ನೆಟ್ಟಿಗೆ ತೆರೆದಿಟ್ಟರೆ ಕಳ್ಳರು ಅದೇ ರಾತ್ರಿ ನುಗ್ಗಿ ನಿಮ್ಮ ಲೈನಿನಲ್ಲಿ ವಿದೇಶಕ್ಕೆ ಕರೆ ಹಚ್ಚುತ್ತ ಕೂರುತ್ತಾರೆ. ಬಿಲ್ ನಿಮ್ಮದು. ಪಾಸ್‌ವರ್ಡ್ ಉದ್ದ ಇರಲಿ, ಐಎಸ್‌ಡಿ ಬೇಡವಾದರೆ ಬಂದ್ ಮಾಡಿಸಿ.

ಲಾಕ್‌ಡೌನ್ ನಂತರ ಇಂಥ ಫೋನ್‌ಗಳು ಕಚೇರಿಯಿಂದ ಎದ್ದು ಊರಿನ ದಾರಿ ಹಿಡಿದವು. ನನ್ನ ಗಿರಾಕಿಯಾದ ಒಂದು ಕಚೇರಿಯ ಬಿಲ್ಲಿಂಗ್ ನೋಡುವ ಹುಡುಗಿ ಬೆಳಗಾವಿಯವಳು. ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿತು. ಯುಗಾದಿಗೆ ಊರಿಗೆ ಹೋಗುವಾಗ ಅವಳ ಮೇಜಿನ ಐಪಿ ಫೋನನ್ನು ನಾನೇ ಕಾರಿನಲ್ಲಿ ಒಯ್ದು ಅವಳ ಮನೆಯಲ್ಲಿ ಜೋಡಿಸಿದೆ. ಎಕ್ಸ್‌ಟೆನ್ಷನ್ 214 ಅದೇ, ಕರ್ವೆ ರೋಡಿನ ಕಚೇರಿಯಲ್ಲಿ ಕೂತವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಒಮ್ಮೊಮ್ಮೆ ಅವಳ ತಾಯಿ ಫೋನ್ ಎತ್ತಿ “ಯಾರ್ರೀ?” ಎಂದಾಗ ಮಾತ್ರ ಪುಣೆಯ ಗಿರಾಕಿಗಳು ಗಾಬರಿಯಾಗುತ್ತಾರಂತೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಬೆಳಗಾವಿಯ ಆ ಫೋನಿನಲ್ಲಿ 112 ಒತ್ತಿದರೆ ಕರೆ ಇಂಟರ್‌ನೆಟ್ ಮೂಲಕ ಪುಣೆಯ ಕಚೇರಿಗೆ ಹೋಗಿ, ಅಲ್ಲಿನ ಟ್ರಂಕಿನಿಂದ ಹೊರಬೀಳುತ್ತದೆ. ಎತ್ತುವವರು ಮಹಾರಾಷ್ಟ್ರದವರು, ಅವರಿಗೆ ಕಾಣುವುದು ಕರ್ವೆ ರೋಡಿನ ನಂಬರ್. ಬೆಳಗಾವಿಯ ಮನೆಯಲ್ಲಿ ವಯಸ್ಸಾದ ತಂದೆ ಇದ್ದಾರೆ, ಹೃದಯಕ್ಕೆ ಸ್ಟೆಂಟ್ ಹಾಕಿದೆ. ಹಾಗಾಗಿ ಆ ಫೋನಿನ ಮೇಲೆ ಒಂದು ಚೀಟಿ ಅಂಟಿಸಿದೆ: ‘ಇದು ಪುಣೆ ಆಫೀಸಿನ ಫೋನ್. ತುರ್ತಿಗೆ ಮೊಬೈಲಿನಿಂದ 112 ಹಚ್ಚಿರಿ.’ ಮೊಬೈಲಿನಲ್ಲಿ ಕರೆನ್ಸಿ ಇಲ್ಲದಿದ್ದರೂ 112ಕ್ಕೆ ಕರೆ ಹೋಗುತ್ತದೆ ಎಂಬುದನ್ನೂ ಹೇಳಿದೆ. ಪುಣೆಗೆ ಬಂದ ಮೇಲೆ ನೂರಾರು ಚೀಟಿ ಬರೆದಿದ್ದೇನೆ, ಮರಾಠಿಯಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆದದ್ದು ಅದೇ ಮೊದಲು.

ಹುಡುಗಿಯ ತಾಯಿ ಕನ್ನಡಕ ಏರಿಸಿ ಓದಿ ನೋಡಿದರು. “ಇಷ್ಟ್ ಸಣ್ಣ ಅಕ್ಷರದಾಗ ಬರದ್ರ ಹೆಂಗ ಕಾಣಬೇಕ್ರೀ? ದೊಡ್ಡದಾಗಿ ಬರೀರಿ” ಎಂದರು. ಇನ್ನೊಂದು ಹಾಳೆ ತರಿಸಿ, ದಪ್ಪ ಮಾರ್ಕರ್‌ನಲ್ಲಿ ಮತ್ತೆ ಬರೆದು ಕೊಟ್ಟೆ.